ಸುಲಿಯುವ ಚಪ್ಪರಕ್ಕೊಂದು ಬ್ಯಾಟರಿ ದೀಪ

ಅಡಿಕೆ ಕೊಯ್ಲು ಶುರುವಾದ ಮೇಲೆ ಸುಲಿಯುವ ಚಪ್ಪರದಲ್ಲಿ ರಾತ್ರಿ ಹತ್ತಾದರೂ ಕೆಲಸ ಮುಗಿಯುವುದಿಲ್ಲ. ಕರೆಂಟು ಹೋಗುವುದೂ ಅದೇ ಹೊತ್ತಿಗೆ. ಮೆಟ್ಟುಗತ್ತಿಯಲ್ಲಿ ಕೂತವರ ಬೆರಳಿನ ಪಾಡು ಬಲ್ಲವರೇ ಬಲ್ಲರು. ಹಾಗೆಂದು 230 ವೋಲ್ಟಿನ ತಂತಿಯನ್ನು ಒದ್ದೆ ಚಪ್ಪರಕ್ಕೆ ಎಳೆಯುವುದು ನಮಗೆ ಒಪ್ಪಿಗೆಯಿಲ್ಲ. ಕಳೆದ ಹಂಗಾಮಿನಲ್ಲಿ ನಾವು 12 ವೋಲ್ಟಿನ ಬ್ಯಾಟರಿಯಿಂದಲೇ ಎಲ್‌ಇಡಿ ದೀಪ ಮಾಡಿ ನೋಡಿದೆವು. ಮೊದಲ ಸಲ ಕೆಟ್ಟಿತು, ಅದನ್ನೂ ಹೇಳುತ್ತೇವೆ.

ಸಣ್ಣ ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.2 ವೋಲ್ಟ್ ಬೇಕು. 20 ಮಿಲಿ ಆಂಪಿಯರ್ ಅದರ ಮಿತಿ. ಮೂರನ್ನು ಒಂದರ ಹಿಂದೊಂದು ಕಟ್ಟಿದರೆ 9.6 ವೋಲ್ಟ್ ಆಯಿತು. ತುಂಬಿದ ಬ್ಯಾಟರಿ 12.6 ವೋಲ್ಟ್ ಕೊಡುತ್ತದೆ. ಮಿಕ್ಕ 3 ವೋಲ್ಟನ್ನು 150 ಓಮ್‌ನ ರೆಸಿಸ್ಟರ್‌ಗೆ ವಹಿಸಿದರೆ ಸರಿಯಾಗಿ 20 ಮಿಲಿ ಆಂಪಿಯರ್ ಹರಿಯಬೇಕು. ಲೆಕ್ಕ ಸರಿಯೇ ಇತ್ತು. ಆದರೆ ದೀಪ ಉರಿಯುತ್ತಿರುವಾಗಲೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆವು. ಆಗ ಅದು 14.4 ವೋಲ್ಟಿಗೆ ಏರಿತು, ದೀಪಗಳಲ್ಲಿ 32 ಮಿಲಿ ಆಂಪಿಯರ್ ಹರಿಯಿತು. ವಾರದೊಳಗೆ ಅರ್ಧ ದೀಪಗಳು ಮಂಕಾದವು. ಈಗ 220 ಓಮ್ ಹಾಕಿದ್ದೇವೆ. ಅದರ ಪಟ್ಟೆಗಳು ಕೆಂಪು, ಕೆಂಪು, ಕಂದು. ಚಾರ್ಜಿನಲ್ಲಿದ್ದಾಗ 22, ಉಳಿದಂತೆ 14 ಮಿಲಿ ಆಂಪಿಯರ್ ಹರಿಯುತ್ತದೆ. ಬೆಳಕು ಕಡಿಮೆಯಾಯಿತೆಂದು ಸುಲಿಯುವವರು ಯಾರೂ ಹೇಳಲಿಲ್ಲ.

ಇಂಥ ಏಳು ಸಾಲು, ಅಂದರೆ 21 ಎಲ್‌ಇಡಿಗಳಿಗೆ, ಒಟ್ಟು 0.1 ಆಂಪಿಯರ್ ಸಾಕು. ಪ್ರತಿ ಸಾಲಿಗೂ ಬೇರೆಯೇ ರೆಸಿಸ್ಟರ್ ಇರಲಿ. 7 ಎ.ಎಚ್. ಎಂದು ಬರೆದಿರುವ ಸೀಲ್ ಮಾಡಿದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ 35 ಗಂಟೆ, ದಿನಕ್ಕೆ ಐದು ಗಂಟೆಯಂತೆ ಒಂದು ವಾರ ಬರುತ್ತದೆ. ಪೂರ್ತಿ ಬರಿದು ಮಾಡುತ್ತ ಹೋದರೆ ಬ್ಯಾಟರಿ ಬೇಗ ಸಾಯುತ್ತದೆ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 1 ಆಂಪಿಯರ್ ಫ್ಯೂಸ್ ಇರಲೇಬೇಕು. ದೀಪ ಸಣ್ಣದಾದರೂ ತಂತಿಗೆ ತಂತಿ ತಾಗಿದರೆ ಬೆಂಕಿ ಹತ್ತಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿದೆ.

ಚಾರ್ಜು ಮಾಡುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್‌ಗೆ ನಾಲ್ಕು ಡಯೋಡ್ ಹಾಕಿದರೆ 12 ವೋಲ್ಟೇ ಬರುತ್ತದೆಂದು ತಿಳಿಯಬೇಡಿ. ಅಲೆಯ ತುದಿ 17 ವೋಲ್ಟ್. ಡಯೋಡುಗಳು ತಿಂದು ಉಳಿಯುವುದು 15ಕ್ಕೂ ಮೇಲೆ. ರಾತ್ರಿಯಿಡೀ ಹಾಗೇ ಬಿಟ್ಟರೆ ಬ್ಯಾಟರಿ ಕಾಯುತ್ತದೆ, ಉಬ್ಬುತ್ತದೆ. ನಡುವೆ ಎಲ್‌ಎಂ 317 ಎಂಬ ಮೂರು ಕಾಲಿನ ರೆಗ್ಯುಲೇಟರ್ ಬೇಕು, ಅದಕ್ಕೆ ಅಲ್ಯೂಮಿನಿಯಂ ತಗಡು ಬಿಗಿಯಬೇಕು. ಅದರ ಮುಂದೆ 2 ಓಮ್, 5 ವಾಟ್ ರೆಸಿಸ್ಟರ್ ಮತ್ತು ಒಂದು ಡಯೋಡ್. ಬ್ಯಾಟರಿ ತುಂಬಿ ನಿಂತಾಗ ಅದರ ತುದಿಗಳಲ್ಲಿ 13.8 ವೋಲ್ಟ್ ಬರುವಂತೆ ಹೊಂದಿಸಿ. ಇದಕ್ಕೆ 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. 230 ವೋಲ್ಟಿನ ಕಡೆಯ ಜೋಡಣೆಯನ್ನು ಮಾತ್ರ ಬಲ್ಲವರಿಂದಲೇ ಮಾಡಿಸಿ. ಅಷ್ಟು ಗೋಜು ಬೇಡವೆಂದರೆ 10 ವಾಟಿನ ಸೋಲಾರ್ ಪ್ಯಾನೆಲ್ಲು, ಕಂಟ್ರೋಲರು ಆದೀತು. ಆದರೆ ಆಷಾಢದ ಮಳೆಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಚಾರ್ಜಾಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರಬಹುದು. ಆದ್ದರಿಂದ ಅಡಿಕೆ ಬೇಯಿಸುವ ಒಲೆಯ ಪಕ್ಕದಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ. ದೀಪವನ್ನು ಸುಲಿಯುವವರ ಬೆನ್ನ ಹಿಂದಲ್ಲ, ಎಡ ಮುಂಭಾಗದಲ್ಲಿ ಕಟ್ಟಿ. ಇಲ್ಲವಾದರೆ ಕೈಯ ನೆರಳು ಕತ್ತಿಯ ಮೇಲೆಯೇ ಬೀಳುತ್ತದೆ. ಮೀಟರು ಇಲ್ಲದ ಸದಸ್ಯರು ಬ್ಯಾಟರಿಯನ್ನು ಸಂಘದ ಕಚೇರಿಗೆ ತಂದರೆ ವೋಲ್ಟ್ ಅಳೆದು ಹೇಳುತ್ತೇವೆ.