ಬೊಗಳುವ ನಾಯಿ ಕಚ್ಚುವುದಿಲ್ಲವೇ?

ಗೋಕಾಕ–ಮೂಡಲಗಿ ಸೀಮೆಯ ತುಕ್ಕಾನಟ್ಟಿಯ ಹೆಸರನ್ನು ಹೊರಗಿನವರು ಕೇಳಿರುವುದು ಬಹುಮಟ್ಟಿಗೆ ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದಿಂದ. ಈ ಕಡೆಯ ಹಳ್ಳಿಗಳಲ್ಲಿ ಊರೆಂದರೆ ಗುಡಿಯ ಸುತ್ತಲಿನ ಮನೆಗಳಷ್ಟೇ ಅಲ್ಲ. ಎಷ್ಟೋ ಕುಟುಂಬಗಳು ವಾಸವಾಗಿರುವುದು ಕಬ್ಬು, ಗೋವಿನಜೋಳದ ನಡುವಿನ ತೋಟದ ಮನೆಗಳಲ್ಲಿ. ತೋಟದ ಮನೆ ಎಂದ ಮೇಲೆ ಎರಡು ಎಮ್ಮೆ, ನಾಲ್ಕು ಆಡು, ಒಂದಷ್ಟು ಕೋಳಿ, ಇಲಿ ಹಿಡಿಯಲೊಂದು ಬೆಕ್ಕು, ಕಾವಲಿಗೊಂದು ನಾಯಿ ಇದ್ದದ್ದೇ. ಬೆನ್ನಿಗೆ ಪಾಟೀಚೀಲ ಏರಿಸಿ ಶಾಲೆಗೆ ಹೊರಟ ಹುಡುಗ ನಾಲ್ಕು ತೋಟ ದಾಟಬೇಕಾದರೆ ನಾಲ್ಕು ನಾಯಿಗಳ ಸರಹದ್ದನ್ನೂ ದಾಟಬೇಕು.

ಅವನಿಗೆ ಹಿರಿಯರು ಹೇಳಿಕೊಟ್ಟಿರುವುದು ಒಂದೇ ಪಾಠ. ಬೊಗಳುವ ನಾಯಿ ಕಚ್ಚುವುದಿಲ್ಲ. ಗಾದೆ ವೇದಕ್ಕೆ ಸಮ ಎನ್ನುತ್ತಾರೆ ನಿಜ. ಆದರೆ ಈ ಗಾದೆ ಹುಟ್ಟಿದ್ದು ಬಾಯಿಬಡುಕ ಮನುಷ್ಯರನ್ನು ಕಂಡು ಇರಬೇಕು, ನಾಯಿಯನ್ನು ಕಂಡಲ್ಲ. ಬೊಗಳುವ ನಾಯಿ ಕಚ್ಚುತ್ತದೆ. ಬೊಗಳುವುದು ಅದು ಕೊಡುವ ನೋಟೀಸು, ಅಷ್ಟೆ. ‘ಇದು ನನ್ನ ಜಾಗ, ಇನ್ನು ಮುಂದೆ ಬರಬೇಡ’ ಎಂದು ಅದರ ಅರ್ಥ. ನೋಟೀಸು ಓದಲು ಬಾರದವನು ಮುಂದೆ ಹೆಜ್ಜೆ ಇಟ್ಟಾಗಲೇ ಹಲ್ಲು ಬೀಳುವುದು.

ನಾಯಿ ಏಕಾಏಕಿ ಕಚ್ಚಿತು ಎಂದು ದೂರುವವರು ಬಹಳ. ಆದರೆ ಆರೋಗ್ಯವಂತ ನಾಯಿ ಏಕಾಏಕಿ ಕಚ್ಚುವುದು ಅಪರೂಪ. ಅದಕ್ಕೆ ಮೊದಲು ಹತ್ತು ರೀತಿಯಲ್ಲಿ ಹೇಳಿರುತ್ತದೆ. ಮಗು ನಾಯಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಿತು ಎನ್ನಿ. ನಾಯಿ ಮೊದಲು ಮುಖ ಆಚೆ ತಿರುಗಿಸುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಎದುರಿಗೆ ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆಯಿಂದ ಮೂತಿ ಸವರಿಕೊಳ್ಳುತ್ತದೆ. ಕಿವಿ ಹಿಂದಕ್ಕೆ ಸರಿಯುತ್ತವೆ, ಓರೆಗಣ್ಣಿನ ಬಿಳಿಭಾಗ ಕಾಣುತ್ತದೆ. ಇದಾವುದನ್ನೂ ಯಾರೂ ಗಮನಿಸದಿದ್ದರೆ ಮೈ ಸೆಟೆದು ಕಲ್ಲಿನಂತಾಗುತ್ತದೆ. ಆ ಸ್ತಬ್ಧ ಗಳಿಗೆಯೇ ಎಲ್ಲಕ್ಕಿಂತ ಅಪಾಯದ್ದು. ಆಮೇಲೆ ಗುರ್ ಎನ್ನುತ್ತದೆ, ಹಲ್ಲು ತೋರುತ್ತದೆ, ಗಾಳಿಗೆ ಬಾಯಿ ಹಾಕುತ್ತದೆ. ಕಚ್ಚುವುದು ಕಡೆಯ ಮಾತು.

ಇಲ್ಲಿ ದೊಡ್ಡವರು ಮಾಡುವ ಒಂದು ಎಡವಟ್ಟನ್ನು ಹೇಳಲೇಬೇಕು. ನಾಯಿ ಗುರ್ ಎಂದ ಕೂಡಲೇ ಅದರ ಬೆನ್ನಿಗೆ ಬಡಿಗೆಯ ಏಟು ಬೀಳುತ್ತದೆ. ಹೀಗೆ ನಾಲ್ಕು ಸಲ ಏಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ. ಸಿಟ್ಟನ್ನೂ ಹೆದರಿಕೆಯನ್ನೂ ಬಿಡುವುದಿಲ್ಲ. ಮುಂದೆ ಅದು ನೋಟೀಸು ಕೊಡದೆಯೇ ಕಚ್ಚುವ ನಾಯಿಯಾಗುತ್ತದೆ. ಗುರುಗುಟ್ಟುವ ನಾಯಿಯಿಂದ ಮಗುವನ್ನು ದೂರ ಕರೆದೊಯ್ಯಬೇಕೇ ಹೊರತು ನಾಯಿಯ ಬಾಯಿ ಮುಚ್ಚಿಸಬಾರದು.

ಬಾಲದ ಭಾಷೆ

ಬಾಲ ಅಲ್ಲಾಡಿಸಿದರೆ ನಾಯಿಗೆ ಸಂತೋಷ ಎಂಬುದೂ ಅರ್ಧಸತ್ಯ. ಮೈಯನ್ನೆಲ್ಲ ಬಳುಕಿಸಿ, ಸೊಂಟದ ಸಮೇತ ಬಾಲ ಬೀಸುವ ನಾಯಿ ಖುಷಿಯಲ್ಲಿರುತ್ತದೆ. ಬಾಲವನ್ನು ಕೋಲಿನಂತೆ ಮೇಲೆತ್ತಿ, ತುದಿಯನ್ನಷ್ಟೇ ಬಿರುಸಾಗಿ ಅದುರಿಸುವ ನಾಯಿ ಜಗಳಕ್ಕೆ ಸಿದ್ಧವಾಗಿರುತ್ತದೆ. 2007ರಲ್ಲಿ ಇಟಲಿಯ ವಿಜ್ಞಾನಿಗಳು 30 ನಾಯಿಗಳನ್ನಿಟ್ಟುಕೊಂಡು ನಡೆಸಿದ ಪರೀಕ್ಷೆಯೊಂದು ಸ್ವಾರಸ್ಯಕರವಾಗಿದೆ. ಒಡೆಯನನ್ನು ಕಂಡಾಗ ನಾಯಿಗಳ ಬಾಲ ಬಲಕ್ಕೆ ಹೆಚ್ಚು ವಾಲಿತು. ದರ್ಪದ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಮೆದುಳಿನ ಎಡ ಬಲ ಭಾಗಗಳು ಬೇರೆ ಬೇರೆ ಭಾವನೆಗಳಿಗೆ ಸ್ಪಂದಿಸುವುದೇ ಇದಕ್ಕೆ ಕಾರಣ ಎಂದು ಅವರು ವಿವರಿಸಿದರು.

ಬೆಕ್ಕಿನ ಬಾಲದ ವ್ಯಾಕರಣವೇ ಬೇರೆ. ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಬರುವ ಬೆಕ್ಕು ಸ್ನೇಹದಿಂದ ಬರುತ್ತಿದೆ. ಕುಳಿತಲ್ಲೇ ಬಾಲವನ್ನು ಪಟಪಟ ಬಡಿಯುವ ಬೆಕ್ಕಿಗೆ ಕಿರಿಕಿರಿಯಾಗಿದೆ. ನಾಯಿ ಬೆಕ್ಕುಗಳ ಹಗೆತನಕ್ಕೆ ಈ ಭಾಷಾಭೇದವೂ ಒಂದಿಷ್ಟು ಕಾರಣವಿದ್ದೀತು. ಅಂಗಾತ ಬಿದ್ದು ಹೊಟ್ಟೆ ತೋರುವ ಬೆಕ್ಕನ್ನು ಕಂಡು ‘ಸವರು ಎನ್ನುತ್ತಿದೆ’ ಎಂದು ಕೈ ಹಾಕಿದ ಮಕ್ಕಳಿಗೆ ನಾಲ್ಕೂ ಪಂಜಗಳ ಪರಿಚಯ ಒಟ್ಟಿಗೇ ಆಗುತ್ತದೆ.

ಓಡಿದರೆ ಬೇಟೆ

ತುಕ್ಕಾನಟ್ಟಿಯ ಮಕ್ಕಳು ನಾಯಿಯ ಸ್ವಭಾವ ತಿಳಿಯಲು ಬಹಳ ದೂರ ಹೋಗಬೇಕಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳವೇ ಇದೆ. ಅಲ್ಲಿಯ ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ ಬೇಟೆನಾಯಿ ತಳಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಅದರ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಯ ಮೇಲೆಯೇ ಕೆಲಸ ಮಾಡುತ್ತದೆ.

ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಕಣ್ಣೆದುರು ಓಡುವ ಯಾವುದನ್ನೇ ಆಗಲಿ ಅದು ಬೆನ್ನಟ್ಟುತ್ತದೆ. ಮೊಲ ಓಡಿದರೂ ಅಷ್ಟೇ, ಕೋಳಿ ಓಡಿದರೂ ಅಷ್ಟೇ. ಅದಕ್ಕೆ ದಿನವೂ ಬಯಲಿನಲ್ಲಿ ಓಟ ಬೇಕು, ಪರಕೀಯರು ಮೈ ಮುಟ್ಟುವುದು ಸೇರದು. ಪ್ರತಿಷ್ಠೆಗೆಂದು ತಂದು ಮೂರು ಮೊಳದ ಸರಪಳಿಯಲ್ಲಿ ಹಗಲಿರುಳೂ ಕಟ್ಟಿಹಾಕಿದರೆ ಆ ನಾಯಿ ಕೆಡುತ್ತದೆ. ಕೆಟ್ಟ ಮೇಲೆ ‘ತಳಿಯೇ ಸರಿಯಿಲ್ಲ’ ಎಂಬ ಮಾತು ಬೇರೆ. ಬೆನ್ನಟ್ಟುವ ಈ ಚಪಲ ಬೇರೆ ನಾಯಿಗಳಿಗೂ ಕಡಿಮೆ ಇಲ್ಲ. ಸೈಕಲ್ಲಿನ ಹಿಂದೆ ಹಳ್ಳಿಯ ನಾಯಿಗಳು ಓಡುವುದು ಇದೇ ಕಾರಣಕ್ಕೆ.

ಆದ್ದರಿಂದ ನಾಯಿ ಎದುರಾದಾಗ ಓಡಬಾರದು, ಕಿರುಚಬಾರದು, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈ ಕೆಳಗೆ ಬಿಟ್ಟು, ಸ್ವಂತ ಪಾದ ನೋಡುತ್ತ ಮರದಂತೆ ನಿಲ್ಲಬೇಕು. ಅಲುಗದ ವಸ್ತುವಿನ ಮೇಲೆ ನಾಯಿಗೆ ಬೇಗ ಬೇಸರ ಬರುತ್ತದೆ. ಅದು ಮೂಸಿ ಹಿಂದಿರುಗಿದ ಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿಯಬೇಕು. ಸೈಕಲ್ಲಿನ ಮೇಲಿದ್ದರೆ ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದುಕೊಳ್ಳಬೇಕು. ಕೆಳಗೆ ಬಿದ್ದುಬಿಟ್ಟರೆ ಮುದುಡಿ, ಎರಡೂ ಕೈಗಳಿಂದ ಕುತ್ತಿಗೆ ಮತ್ತು ಕಿವಿ ಮುಚ್ಚಿಕೊಳ್ಳಬೇಕು. ಉಣ್ಣುತ್ತಿರುವ, ಮಲಗಿರುವ, ಮರಿ ಹಾಕಿರುವ, ಕಟ್ಟಿಹಾಕಿರುವ ನಾಯಿಯ ಹತ್ತಿರ, ಅದು ಸ್ವಂತ ಮನೆಯದೇ ಆಗಿದ್ದರೂ, ಸುಮ್ಮನೆ ಹೋಗಬಾರದು. ಕಬ್ಬಿನ ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ, ಬಯಲಿನಲ್ಲಿ ಕುರಿಗಾರರ ಜೊತೆ ಪರ ಊರಿನ ನಾಯಿಗಳೂ ಬರುವುದುಂಟು. ಆಗ ಊರ ನಾಯಿಗಳ ಜಗಳ ಹೆಚ್ಚುತ್ತದೆ. ಜಗಳ ಬಿಡಿಸಲು ನಡುವೆ ಕೈ ಹಾಕುವವನಿಗೆ ಎರಡೂ ಕಡೆಯಿಂದ ಕಡಿತ ಖಚಿತ.

ಮುಚ್ಚಿಟ್ಟ ಗೀರು

ಇಷ್ಟೆಲ್ಲ ಯಾಕೆ ಹೇಳಬೇಕಾಯಿತೆಂದರೆ ನಾಯಿ ಕಡಿತದ ಹಿಂದೆ ರೇಬೀಸ್ ಇದೆ. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದಲೇ ಬರುತ್ತದೆ. ರೋಗದ ಶಂಕೆಯಿರುವ ಪ್ರಾಣಿಗಳಿಂದ ಕಡಿತಕ್ಕೊಳಗಾಗುವವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನವರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮಕ್ಕಳು ಎತ್ತರದಲ್ಲಿ ಚಿಕ್ಕವರು. ಮುಖ, ಕುತ್ತಿಗೆ, ಕೈಗೇ ಹಲ್ಲು ತಾಗುತ್ತದೆ. ವೈರಾಣು ನರಗಳ ಗುಂಟ ಮೆದುಳಿಗೆ ಪ್ರಯಾಣ ಮಾಡುವುದರಿಂದ ಗಾಯ ತಲೆಗೆ ಸಮೀಪವಿದ್ದಷ್ಟೂ ಸಮಯ ಕಡಿಮೆ. ಸಾಮಾನ್ಯವಾಗಿ ಲಕ್ಷಣ ಕಾಣಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಲಕ್ಷಣ ಕಂಡ ಮೇಲೆ ಮಾತ್ರ ಬದುಕಿಸುವ ಔಷಧ ಇಂದಿಗೂ ಇಲ್ಲ.

ಅದಕ್ಕೂ ಮಿಗಿಲಾದ ತೊಂದರೆಯೆಂದರೆ ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ. ‘ಆ ನಾಯಿ ತಂಟೆಗೆ ಯಾಕ ಹೋದಿ?’ ಎಂದು ಬೈಯುತ್ತಾರೆ ಎಂಬ ಹೆದರಿಕೆ ಒಂದು. ಸೂಜಿಯ ಭಯ ಇನ್ನೊಂದು. ಈ ಎರಡನೆಯ ಭಯ ಅಜ್ಜ ಅಜ್ಜಿಯರಿಂದ ಬಂದ ಆಸ್ತಿ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ಹೊಕ್ಕುಳ ಸುತ್ತ ದಿನಕ್ಕೊಂದರಂತೆ 14ರವರೆಗೂ ಚುಚ್ಚುತ್ತಿದ್ದರು. ಅದರ ನೆನಪು ಹಳ್ಳಿಗಳಲ್ಲಿ ಇನ್ನೂ ಆರಿಲ್ಲ. ಆ ಲಸಿಕೆಯ ತಯಾರಿಕೆಯನ್ನು ಭಾರತದಲ್ಲಿ 2004ರ ಕೊನೆಗೇ ನಿಲ್ಲಿಸಲಾಯಿತು. ಈಗಿನದು ತೋಳಿಗೆ ಕೊಡುವ ಲಸಿಕೆ. ಸ್ನಾಯುವಿಗೆ ಕೊಟ್ಟರೆ ಮೊದಲ ದಿನ, ಬಳಿಕ 3, 7, 14 ಮತ್ತು 28ನೇ ದಿನ; ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ 14ನೇ ದಿನದ್ದು ಇರುವುದಿಲ್ಲ. ರಕ್ತ ಬಂದ ಗಾಯವಾದರೆ ಗಾಯದೊಳಕ್ಕೇ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನೂ ಚುಚ್ಚಬೇಕು. ಲಸಿಕೆ ಕೆಲಸ ಆರಂಭಿಸುವವರೆಗೆ ಕಾವಲು ಕಾಯುವುದು ಅದೇ.

ಆಸ್ಪತ್ರೆಗೆ ಹೊರಡುವ ಮುನ್ನ ಮನೆಯಲ್ಲಿ ಮಾಡುವ ಕೆಲಸ ಒಂದಿದೆ. ನಲ್ಲಿಯ ಕೆಳಗೋ ಬೋರಿನ ನೀರಿನ ಧಾರೆಗೋ ಗಾಯ ಹಿಡಿದು, ಸಾಬೂನು ಹಚ್ಚಿ, ಪೂರ್ತಿ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಾಣುವಿನ ಹೊರಕವಚ ಕೊಬ್ಬಿನಿಂದಾದದ್ದು. ಸಾಬೂನು ಎಣ್ಣೆಜಿಡ್ಡನ್ನು ತೆಗೆಯುವಂತೆ ಅದನ್ನೂ ಒಡೆದು ಹಾಕುತ್ತದೆ. ಬಟ್ಟೆ ಒಗೆಯುವ ಸಾಬೂನಾದರೂ ನಡೆದೀತು. ಖಾರಪುಡಿ, ಸುಣ್ಣ, ಅರಿಶಿನ, ಸೊಪ್ಪಿನ ರಸ ಇವುಗಳಿಂದ ಗಾಯ ಉರಿಯುತ್ತದೆ, ವೈರಾಣು ಸಾಯುವುದಿಲ್ಲ. ಉರಿದಷ್ಟೂ ವಿಷ ಇಳಿಯಿತು ಎಂಬ ಸಮಾಧಾನ ಬೇಡ. ಮಂತ್ರ, ತಾಯಿತ ಬೇಕೆನ್ನುವವರು ಲಸಿಕೆ ಹಾಕಿಸಿಕೊಂಡು ಬಂದ ಮೇಲೆ ಕಟ್ಟಿಸಿಕೊಳ್ಳಲಿ.

ಹುಚ್ಚುನಾಯಿಯನ್ನು ಗುರುತಿಸುವ ವಿಷಯದಲ್ಲೂ ತಪ್ಪು ತಿಳಿವಳಿಕೆ ಸಾಕಷ್ಟಿದೆ. ‘ನೀರು ಕುಡೀತು, ಹುಚ್ಚಿಲ್ಲ ಬಿಡು’ ಎನ್ನುತ್ತಾರೆ. ನೀರಿಗೆ ಬೆದರುವುದು ರೋಗ ಬಂದ ಮನುಷ್ಯನ ಲಕ್ಷಣ. ನಾಯಿ ನೀರಿಗೆ ಹೋಗಲು ಅಡ್ಡಿಯಿಲ್ಲ. ಹುಚ್ಚು ಬೇಸಿಗೆಯಲ್ಲಷ್ಟೇ ಹಿಡಿಯುತ್ತದೆ ಎಂಬುದೂ ಸುಳ್ಳು. ನೋಡಬೇಕಾದದ್ದು ನಡವಳಿಕೆಯ ಬದಲಾವಣೆ. ಸದಾ ಕಾಲಿಗೆ ತೊಡರುವ ನಾಯಿ ಮೂಲೆ ಸೇರುವುದು, ಯಾರಿಗೂ ಸೇರದ ನಾಯಿ ಮೈಮೇಲೆ ಬೀಳುವಷ್ಟು ಸಲಿಗೆ ತೋರುವುದು, ದನಿ ಒಡೆಯುವುದು, ಕಲ್ಲು ಕಟ್ಟಿಗೆ ಕಚ್ಚುವುದು, ಜೊಲ್ಲು ಸುರಿಸುತ್ತ ತೂರಾಡುವುದು. ಮನೆಯ ನಾಯಿಯ ದಿನನಿತ್ಯದ ಸ್ವಭಾವ ಬಲ್ಲವನಿಗಷ್ಟೇ ಈ ಬದಲಾವಣೆ ಮೊದಲು ಕಾಣುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕೆಂಬುದು ಸರಿ. ಆದರೆ ಲಸಿಕೆ ಮೊದಲು, ನೋಡುವುದು ಆಮೇಲೆ. ಮುದ್ದಾದ ಮರಿಯ ಗೀರಿಗೂ ಇದೇ ನಿಯಮ.

ಸಾಕಿದವರ ಹೊಣೆ

ನಾಯಿ, ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ತಿಂಗಳ ಬಳಿಕ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಮರಿಗಳ ಹೊಟ್ಟೆಯ ಜಂತುಹುಳದ ಮೊಟ್ಟೆಗಳು ಮಣ್ಣಾಡುವ ಮಕ್ಕಳ ಹೊಟ್ಟೆಗೂ ಹೋಗುವುದರಿಂದ ಹುಳದ ಔಷಧ ತಪ್ಪಿಸಬಾರದು. ಕುರಿ ಕೊಯ್ದಾಗ ಗುಳ್ಳೆ ಎದ್ದ ಯಕೃತ್ತು, ಪುಪ್ಪಸಗಳನ್ನು ನಾಯಿಗೆ ಎಸೆಯುವ ರೂಢಿ ಇದೆ. ಆ ನೀರುಗುಳ್ಳೆಯೊಳಗಿನ ಮರಿಹುಳ ನಾಯಿಯ ಕರುಳಲ್ಲಿ ಬೆಳೆದು, ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಅಂಥದೇ ಗುಳ್ಳೆ ಮನುಷ್ಯನ ಯಕೃತ್ತಿನಲ್ಲಿ ಬೆಳೆಯುತ್ತದೆ. ಅಂಥ ಮಾಂಸವನ್ನು ಆಳವಾಗಿ ಹೂಳುವುದು ಲೇಸು.

ಪ್ರೀತಿಯಿಂದ ಕೊಡುವ ತಿನಿಸೂ ಕೆಲವೊಮ್ಮೆ ವಿಷವೇ. ಗೋಕಾಕದ ಕರದಂಟು ಮನುಷ್ಯರಿಗೆ ಪುಷ್ಟಿ. ಅದರಲ್ಲಿ ಒಣದ್ರಾಕ್ಷಿ ಇದ್ದರೆ ನಾಯಿಯ ಮೂತ್ರಪಿಂಡಕ್ಕೆ ಅಪಾಯ. ಚಾಕೊಲೇಟು, ಉಳ್ಳಾಗಡ್ಡಿಯೂ ಬೇಡ. ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದಾದರೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಇಲಿ ಪಾಷಾಣ ಕಲೆಸಿದ ಹಿಟ್ಟಿನುಂಡೆ ಇಲಿ ತಿನ್ನುವ ಮೊದಲೇ ಕೋಳಿ, ನಾಯಿಗಳ ಬಾಯಿಗೆ ಬೀಳುತ್ತದೆ. ಪ್ರಾಣಿಗೆ ಹುಷಾರಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿದರೆ ಪಶು ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ.

ಕೊನೆಗೆ ಎಮ್ಮೆಯ ಮಾತು. ಹುಚ್ಚುನಾಯಿ ಕೊಟ್ಟಿಗೆಗೂ ನುಗ್ಗುತ್ತದೆ. ಕಡಿಸಿಕೊಂಡ ಎಮ್ಮೆ ಕೆಲ ವಾರಗಳ ಬಳಿಕ ಮೇವು ಬಿಡುತ್ತದೆ, ಒಡಕು ದನಿಯಲ್ಲಿ ಒಂದೇ ಸಮ ಅರಚುತ್ತದೆ, ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕಾಣುತ್ತದೆ. ಒಡೆಯ ತೋಳು ಮಡಚಿ ಅದರ ಬಾಯೊಳಗೆ ಕೈ ಹಾಕುತ್ತಾನೆ. ಎಮ್ಮೆ ಸತ್ತ ಮೇಲೆ ಹುಚ್ಚು ಹಿಡಿದಿತ್ತೆಂದು ಗೊತ್ತಾಗಿ, ಅದರ ಹಾಲು ಕುಡಿದ ಓಣಿಯವರೆಲ್ಲ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಕುದಿಸಿದ ಹಾಲಿನಲ್ಲಿ ಈ ವೈರಾಣು ಉಳಿಯುವುದಿಲ್ಲ. ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ಬಾಯೊಳಗೆ ಕೈ ಹಾಕಿದ ಒಡೆಯ. ಅವನು ಮಾತ್ರ, ‘ನನಗೇನು ಕಚ್ಚಿಲ್ಲವಲ್ಲ’ ಎಂದುಕೊಂಡು, ಕಬ್ಬಿಗೆ ನೀರು ಹಾಯಿಸಲು ಹೋಗಿರುತ್ತಾನೆ.