ಚುಕ್ಕಿಯ ಮುಂದಿನ ಇಪ್ಪತ್ತು

ನಮ್ಮ ಅಪ್ಪ, ಚಿಕ್ಕಪ್ಪ ಆರು ವರ್ಷ ಮಾತು ಬಿಟ್ಟಿದ್ದರು. ಕಾರಣ ಒಂದು ಚುಕ್ಕಿ.

ರೂಪನಗುಡಿಯ ನಮ್ಮ ಹೊಲ ಪಾಲಾದಾಗ ಚಿಕ್ಕಪ್ಪನಿಗೆ ಬಂದದ್ದು 2.20. ತಾತ ಇರುವವರೆಗೆ ಅದನ್ನು ಯಾರೂ ಅಳೆಯಲಿಲ್ಲ. ಒಂದು ವರ್ಷ ಮೆಣಸಿನಕಾಯಿ, ಒಂದು ವರ್ಷ ಹತ್ತಿ, ಹೀಗೇ ನಡೆದಿತ್ತು. ತಾತ ತೀರಿಕೊಂಡ ಮೇಲೆ ರಾಯಚೂರು ಕಡೆಯ ಅಳಿಯ ಕಾಗದ ನೋಡಿ, “ಎರಡು ಎಕರೆ ಇಪ್ಪತ್ತು ಗುಂಟೆ. ಅಂದ್ರ ಎರಡೂವರೆ ಎಕರೆ, ಮಾವ” ಎಂದ. ಅಳೆಸಿ ನೋಡಿದರೆ ಹನ್ನೆರಡು ಗುಂಟೆ ಕಡಿಮೆ! “ಅಣ್ಣನೇ ಬದು ಒತ್ತಿದಾನೆ” ಎಂಬ ಮಾತು ಹುಟ್ಟಿತು. ಒಂದೇ ಓಣಿಯಲ್ಲಿ ಎದುರುಬದುರು ಇದ್ದವರು ಮುಖ ತಿರುಗಿಸಿಕೊಂಡು ಓಡಾಡತೊಡಗಿದರು.

ನನ್ನ ಮಗಳು ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಸಿರುಗುಪ್ಪದ ಒಬ್ಬಳು, ಕುರುಗೋಡಿನ ಒಬ್ಬ ಅವಳ ಗೆಳೆಯರು. ಕಾಲೇಜಿನಲ್ಲಿ ಏನಾದರೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಮೂವರ ಮನೆಯಲ್ಲೂ ದಿನಾ ಕಿವಿಗೆ ಬೀಳುವ ಲೆಕ್ಕ ಯಾವುದೆಂದು ಯೋಚಿಸಿದಾಗ ಹೊಳೆದದ್ದು ಎರಡು: ಹೊಲದ ಲೆಕ್ಕ, ಬಡ್ಡಿಯ ಲೆಕ್ಕ. ಅವನ್ನು ಮೊಬೈಲಿನಲ್ಲೇ ಮಾಡುವಂಥ ಒಂದು ಪುಟವನ್ನು ಕನ್ನಡದಲ್ಲಿ ಕಟ್ಟಿದರು. ಇಂಥ ಚಿಕ್ಕ ಪುಟಗಳನ್ನು ಪುಕ್ಕಟೆಯಾಗಿ ಇಡಲು ಅಂತರ್ಜಾಲದಲ್ಲಿ ಜಾಗ ಸಿಗುತ್ತದೆ. ಹಾಗಾಗಿ ಖರ್ಚಾದದ್ದು ರಜೆಯ ದಿನಗಳು ಮಾತ್ರ. ಜಾಹೀರಾತು ಇಲ್ಲ, ಹೆಸರು-ಫೋನ್ ನಂಬರ್ ಕೇಳುವುದಿಲ್ಲ.

ಹೊಲದ ಲೆಕ್ಕದಲ್ಲಿ ಅಷ್ಟೇನಿದೆ ಎನ್ನುತ್ತೀರಾ? ಒಂದು ಎಕರೆಗೆ 40 ಗುಂಟೆ. ಅದೇ ಎಕರೆಗೆ 100 ಸೆಂಟು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ, 1,089 ಚದರಡಿ. ಅಂದರೆ ಎರಡೂವರೆ ಸೆಂಟು. ಹಳೇ ಮೈಸೂರು, ಹೈದರಾಬಾದ್, ಮುಂಬೈ ಪ್ರಾಂತಗಳ ಕಡೆ ಗುಂಟೆಯೇ ರೂಢಿ. ಮದ್ರಾಸ್ ಪ್ರಾಂತದಲ್ಲಿ ಸೆಂಟು. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ರಾಜ್ಯ ಬದಲಾಯಿತು, ಬಾಯಲ್ಲಿನ ಸೆಂಟು ಉಳಿಯಿತು. ಪಕ್ಕದ ರಾಯಚೂರಿನವರ ಬಾಯಲ್ಲಿ ಗುಂಟೆ ಉಳಿಯಿತು.

ಮಕ್ಕಳ ಮೊದಲ ಪುಟದಲ್ಲೊಂದು ದೋಷವಿತ್ತು. ಯಾವ ಸಂಖ್ಯೆ ಕೊಟ್ಟರೂ ಅದು ಗುಂಟೆ ಎಂದೇ ಲೆಕ್ಕ ಹಾಕುತ್ತಿತ್ತು. ಅದನ್ನು ಹಿಡಿದವಳು ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವ. ತಾತನ ಹಳೇ ಕಾಗದದಲ್ಲಿದ್ದ ಇನ್ನೊಂದು ಹೊಲದ 4.65ನ್ನು ಮೊಮ್ಮಗಳು ಒತ್ತಿದಾಗ ಪುಟ ಏನೋ ಒಂದು ಉತ್ತರ ಕೊಟ್ಟಿತು. ಅವ್ವ ಕೇಳಿದಳು: “ಅರವತ್ತೈದು ಗುಂಟೆ ಅಂತ ಯಾರಾದ್ರೂ ಬರೀತಾರೇನೆ? ನಲವತ್ತಾದ್ರೆ ಒಂದು ಎಕರೆ ಆಗೇ ಹೋತಲ್ಲ!”

ಮಗಳು ಬೆರಗಾಗಿ ಕುಳಿತಳು. ಹೌದಲ್ಲ, ಚುಕ್ಕಿಯ ಮುಂದೆ 40 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಅದು ಗುಂಟೆ ಆಗಲು ಸಾಧ್ಯವೇ ಇಲ್ಲ, ಸೆಂಟೇ ಇರಬೇಕು. ಒಂದೇ ಕಾಗದದಲ್ಲಿ, ಒಂದೇ ಕೈಬರಹದಲ್ಲಿ 4.65 ಸೆಂಟಿನ ಲೆಕ್ಕವಾದರೆ, ಚಿಕ್ಕಪ್ಪನ 2.20 ಕೂಡ ಸೆಂಟಿನದ್ದೇ. ಅದು ಎರಡೂವರೆ ಎಕರೆ ಅಲ್ಲ, 220 ಸೆಂಟು, ಅಂದರೆ 88 ಗುಂಟೆ. 100 ಗುಂಟೆಗೂ 88 ಗುಂಟೆಗೂ ವ್ಯತ್ಯಾಸ ಸರಿಯಾಗಿ ಹನ್ನೆರಡು! ಯಾರೂ ಬದು ಒತ್ತಿರಲಿಲ್ಲ.

ಈಗ ಆ ಪುಟ ಮೊದಲು ಕೇಳುವುದೇ, “ಚುಕ್ಕಿಯ ಮುಂದೆ ಇರುವುದು ಗುಂಟೆಯೋ ಸೆಂಟೋ?” ಎಂದು. ಗುಂಟೆ ಎಂದು ಹೇಳಿ 40 ದಾಟಿದರೆ, “ಮತ್ತೊಮ್ಮೆ ಕಾಗದ ನೋಡಿ” ಎನ್ನುತ್ತದೆ. ಬಡ್ಡಿಯ ಲೆಕ್ಕವೂ ಹಾಗೆಯೇ. “ನೂರಕ್ಕೆ ಮೂರು ರೂಪಾಯಿ” ಎಂದರೆ ಕಡಿಮೆ ಎನಿಸುತ್ತದೆ. ಅದು ತಿಂಗಳ ಬಡ್ಡಿ, ವರ್ಷಕ್ಕೆ ನೂರಕ್ಕೆ 36. ಬಿತ್ತನೆಗೆಂದು 50,000 ರೂಪಾಯಿ ತಂದು ಹತ್ತು ತಿಂಗಳಿಗೆ ತೀರಿಸಿದರೆ ಬಡ್ಡಿಯೇ 15,000. ಸಾಲ ತರುವ ಮೊದಲೇ ಆ ಅಂಕಿ ಕಣ್ಣಿಗೆ ಬಿದ್ದರೆ ಮನುಷ್ಯ ಒಂದು ಗಳಿಗೆ ಯೋಚಿಸುತ್ತಾನೆ.

ವಿದ್ಯಾರ್ಥಿಗಳು ಮಾಡಿದ್ದು ಎಂದು ಇಂಥದ್ದನ್ನು ಹಗುರವಾಗಿ ಕಾಣಬಾರದು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ 2001ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರುಮಾಡಿದ್ದು ಜಿಯೋಜಿಬ್ರಾ. ತ್ರಿಕೋನದ ಮೂಲೆಯನ್ನು ಬೆರಳಿನಿಂದ ಎಳೆದರೆ ಕೋನ, ಅಳತೆ ಎಲ್ಲ ಕಣ್ಣೆದುರೇ ಬದಲಾಗುವ ಈ ತಂತ್ರಾಂಶ ಮಕ್ಕಳಿಗೆ, ಶಿಕ್ಷಕರಿಗೆ ಉಚಿತ. ಇಂದು ನಮ್ಮ ರಾಜ್ಯದ ಗಣಿತ ಶಿಕ್ಷಕರೂ ಅದನ್ನು ಬಳಸುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಂಗಳೂರಿನ ಅಕ್ಷರ ಫೌಂಡೇಶನ್ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಗಣಿತ ಆ್ಯಪ್ ಮಾಡಿದೆ, ಅದು ಕನ್ನಡದಲ್ಲೂ ಇದೆ. ಅದೇ ಸಂಸ್ಥೆ ಸರ್ಕಾರದ ಜೊತೆಗೂಡಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಮಕ್ಕಳು ಮಣಿ, ಅಳತೆಪಟ್ಟಿ, ಆಟಿಕೆ ನೋಟುಗಳನ್ನು ಕೈಯಲ್ಲಿ ಹಿಡಿದು ಲೆಕ್ಕ ಕಲಿತರು. ಮೊಬೈಲ್ ಇರಲಿ, ಮಣಿಸರ ಇರಲಿ, ಲೆಕ್ಕ ಕೈಗೆ ಸಿಗಬೇಕು ಅಷ್ಟೆ.

ಮಕ್ಕಳೇ, ನಿಮ್ಮ ಮನೆಯಲ್ಲೂ ಮತ್ತೆ ಮತ್ತೆ ಬರುವ ಒಂದು ಲೆಕ್ಕ ಇದ್ದೇ ಇರುತ್ತದೆ. ಹಾಲಿನ ಲೆಕ್ಕ, ಕೂಲಿಯ ಲೆಕ್ಕ, ಸಂಘದ ಕಂತು. ಮೊದಲು ಅದನ್ನು ಕಾಗದದ ಮೇಲೆ ಮಾಡಿ. ಆಮೇಲೆ ಹಿರಿಯರಿಗೆ ತೋರಿಸಿ. ತಪ್ಪು ಹಿಡಿಯುವವರು ಅವರೇ. ಕಂಪ್ಯೂಟರಿನ ಕೆಲಸ ಕೊನೆಗೆ.

ಇನ್ನು ನಮ್ಮ ಮನೆಯ ಸುದ್ದಿ. ಮಗಳು ಕಾಗದ, ಮೊಬೈಲ್ ಎರಡನ್ನೂ ಹಿಡಿದು ಎದುರು ಮನೆಗೆ ಹೋದಳು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ನೋಡಿದ, ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಸಂಜೆ ನಮ್ಮ ಕಟ್ಟೆಯ ಹತ್ತಿರ ಬಂದು ನಿಂತು, “ಏ ಹುಡುಗಿ, ನನ್ನ ಸೊಸೈಟಿ ಸಾಲದ್ದೂ ಒಂದು ಲೆಕ್ಕ ಹಾಕಿಕೊಡು” ಎಂದ.

ಒಳಗಿದ್ದ ಅಪ್ಪ ಹೊರಗೆ ಬರಲಿಲ್ಲ. ಕೂತಲ್ಲಿಂದಲೇ ಕೂಗಿದರು: “ಚಾ ಕುಡಿದು ಹೋಗೋ.”