ಬೇಸಿಗೆ ರಜೆ: ಮೊಮ್ಮಕ್ಕಳ ಸಡಗರ, ಅಜ್ಜಿಯ ಆಯಾಸ

ಬೇಸಿಗೆ ಎಂದೊಡನೆ ನೆನಪಾಗುವುದು ಶಾಲೆಯ ರಜೆ, ಮಾವಿನ ಹಣ್ಣು ಮತ್ತು ಅಜ್ಜಿಯ ಮನೆ. ಏಪ್ರಿಲ್ ಎರಡನೆಯ ವಾರ ಕಳೆಯುತ್ತಿದ್ದಂತೆ ಊರಿಗೆ ಹೋಗುವ ಬಸ್ಸುಗಳೆಲ್ಲ ತುಂಬಿರುತ್ತವೆ. ವರ್ಷವಿಡೀ ಇಬ್ಬರೇ ಇದ್ದ ಮನೆಯಲ್ಲಿ ಒಮ್ಮೆಲೇ ಹತ್ತು ಹನ್ನೆರಡು ಜನ. ಜಗಲಿಯಲ್ಲಿ ಚೌಕಾಬಾರ, ಸಂಜೆಗೆ ಹಲಸಿನ ಹಪ್ಪಳ, ರಾತ್ರಿ ತಾರಸಿಯ ಮೇಲೆ ಸಾಲಾಗಿ ಹಾಸಿಗೆ. ಇವುಗಳಿಗೆ ಖರ್ಚು ಕಡಿಮೆ, ಸಂತೋಷ ಹೆಚ್ಚು. ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಟಾನಿಕ್ಕನ್ನು ಯಾವ ವೈದ್ಯನೂ ಬರೆದುಕೊಡಲಾರ.

ಆದರೆ ಇದೇ ದಿನಗಳಲ್ಲಿ ವೈದ್ಯರ ಬಳಿಗೆ ಎರಡು ಬಗೆಯ ರೋಗಿಗಳು ಹೆಚ್ಚಾಗಿ ಬರುತ್ತಾರೆ. ಒಂದು, ವಾಂತಿಭೇದಿಯಿಂದ ಸೊರಗಿದ ಮಗು. ಇನ್ನೊಂದು, ‘ಏನೋ ತಲೆ ಸುತ್ತು, ಕೈಕಾಲಿನಲ್ಲಿ ಶಕ್ತಿಯಿಲ್ಲ’ ಎನ್ನುವ ಅಜ್ಜಿ. ಹೆಚ್ಚಿನ ಸಂದರ್ಭಗಳಲ್ಲಿ ಇಬ್ಬರಲ್ಲೂ ಕಾಣುವ ಅಪಾಯ ಒಂದೇ: ದೇಹದಲ್ಲಿ ನೀರು ಮತ್ತು ಲವಣದ ಕೊರತೆ.

ಮಡಕೆಯ ನೀರು ತಂಪೇಕೆ?

ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗೆ ಎಷ್ಟೇ ಬಿಸಿಲಿರಲಿ, ದೇಹ ಈ ಮಟ್ಟವನ್ನು ಕಾಯ್ದುಕೊಳ್ಳಬೇಕು. ಅದಕ್ಕೆ ಅದು ಅನುಸರಿಸುವುದು ಮಡಕೆಯ ಉಪಾಯವನ್ನೇ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ನಮ್ಮ ಚರ್ಮದ ಮೇಲಿನ ಬೆವರೂ ಹಾಗೆಯೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಆದ್ದರಿಂದಲೇ ಕರಾವಳಿಯ ಸೆಕೆ ಅಷ್ಟು ಹಿಂಸೆ ಕೊಡುತ್ತದೆ. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿ ದಾಟುವ ಒಣ ಬಿಸಿಲಿನಲ್ಲಿ ಬೆವರು ಕೂಡಲೇ ಆರಿಹೋಗುವುದರಿಂದ, ಎಷ್ಟು ನೀರು ಕಳೆದುಕೊಂಡೆವೆಂಬುದೇ ತಿಳಿಯುವುದಿಲ್ಲ. ಎರಡೂ ಕಡೆ ಬೆವರಾಗಿ ಹೋದ ನೀರನ್ನು ನಾವು ತುಂಬಿಕೊಳ್ಳಲೇಬೇಕು.

ಅಡುಗೆಮನೆಯೊಳಗಿನ ಬಿಸಿಲು

ಬಿಸಿಲಿನ ತೊಂದರೆ ಹೊಲದಲ್ಲಿ ದುಡಿಯುವವರಿಗೆ, ರಸ್ತೆಯಲ್ಲಿ ತಿರುಗುವವರಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಶೀಟಿನ ಛಾವಣಿಯ ಅಡುಗೆಮನೆಯಲ್ಲಿ, ಒಲೆಯ ಮುಂದೆ ಹನ್ನೆರಡು ಜನರಿಗೆ ಅಡುಗೆ ಮಾಡುವ ಅರುವತ್ತೈದರ ಅಜ್ಜಿಯೂ ಬಿಸಿಲಿನಲ್ಲೇ ನಿಂತಿರುತ್ತಾರೆ. ಮಕ್ಕಳು ಬಂದ ಸಂತೋಷದಲ್ಲಿ ಅವರಿಗೆ ಆಯಾಸ ಗೊತ್ತಾಗುವುದಿಲ್ಲ. ಎಲ್ಲರ ಊಟವಾದ ಮೇಲೆ ಕೊನೆಯಲ್ಲಿ ಉಣ್ಣುವ ಅಭ್ಯಾಸ ಬೇರೆ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಬೆವರುವ ಶಕ್ತಿಯೂ ಕಡಿಮೆಯಾಗುತ್ತದೆ. ‘ಎಷ್ಟು ನೀರು ಕುಡಿದಿರಿ ಅಜ್ಜಿ?’ ಎಂದು ಕೇಳಿದರೆ ‘ಬಾಯಾರಿಕೆಯೇ ಆಗಲಿಲ್ಲ ಡಾಕ್ಟ್ರೇ’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅವರು ಹೇಳುವುದು ನಿಜವೇ. ಆದರೆ ದೇಹಕ್ಕೆ ನೀರು ಬೇಕಾಗಿರುವುದೂ ಅಷ್ಟೇ ನಿಜ. ರಾತ್ರಿ ಮೂತ್ರಕ್ಕೆ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಬಿಡುವವರೂ ಇದ್ದಾರೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ಇವೆಲ್ಲ ಸೇರಿದಾಗ ಒಂದು ಮಧ್ಯಾಹ್ನ ತಲೆ ತಿರುಗಿ ಬೀಳುವುದು, ಸೊಂಟದ ಮೂಳೆ ಮುರಿಯುವುದು ಅಪರೂಪವೇನಲ್ಲ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಒಮ್ಮೆ ರಕ್ತದೊತ್ತಡ ತೋರಿಸಿ, ಪ್ರಮಾಣವನ್ನು ವೈದ್ಯರಿಂದಲೇ ಕೇಳಿ.

ಮನೆಯವರು ಮಾಡಬಹುದಾದದ್ದು ಬಹಳ ಸುಲಭ. ಒಲೆಯ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಮಧ್ಯಾಹ್ನಕ್ಕೆ ಮೊಸರನ್ನ, ಹೆಸರುಬೇಳೆ ಕೋಸಂಬರಿ, ತಂಬುಳಿ, ರಾಗಿ ಅಥವಾ ಜೋಳದ ಅಂಬಲಿ ಸಾಕು. ಕರಿಯುವುದು ಸಂಜೆಗಿರಲಿ, ಅದನ್ನು ಮಗನೋ ಅಳಿಯನೋ ಮಾಡಿದರೂ ಹಪ್ಪಳ ರುಚಿ ಕೆಡುವುದಿಲ್ಲ. ಮೊಮ್ಮಕ್ಕಳಲ್ಲಿ ಒಬ್ಬರಿಗೆ ‘ಅಜ್ಜಿ ತಾತನಿಗೆ ಗಂಟೆಗೊಮ್ಮೆ ನೀರು ಕೊಡುವ ಕೆಲಸ’ ವಹಿಸಿ. ಮಕ್ಕಳು ಇದನ್ನು ಆಟದಂತೆ ಮಾಡುತ್ತಾರೆ, ಹಿರಿಯರೂ ಮೊಮ್ಮಗುವಿನ ಕೈಯ ಲೋಟವನ್ನು ಬೇಡವೆನ್ನುವುದಿಲ್ಲ. ಮೂತ್ರ ಕಡು ಹಳದಿಯಾಗಿದ್ದರೆ ಕುಡಿದ ನೀರು ಸಾಲದೆಂದು ತಿಳಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರನ್ನು ಮಿತಗೊಳಿಸಿರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಮಗುವಿಗೆ ಭೇದಿಯಾದಾಗ

ಊರಿನ ಜಾತ್ರೆ, ಮದುವೆ ಮನೆ, ಕತ್ತರಿಸಿಟ್ಟ ಕಲ್ಲಂಗಡಿ, ಎಲ್ಲಿಯದೋ ನೀರಿನ ಐಸ್‌ಕ್ಯಾಂಡಿ. ಮರುದಿನ ಮಗುವಿಗೆ ವಾಂತಿಭೇದಿ. ಆಗ ‘ಹೊಟ್ಟೆಗೆ ವಿಶ್ರಾಂತಿ ಬೇಕು, ನೀರು ಕೊಡಬೇಡಿ’ ಎನ್ನುವ ಹಿರಿಯರು ಈಗಲೂ ಇದ್ದಾರೆ. ಇದು ಅಪಾಯಕಾರಿ ಸಲಹೆ. ಭೇದಿಯಾದ ಮಗು ಸಾಯುವುದು ಹೆಚ್ಚಾಗಿ ನೀರು ಮತ್ತು ಲವಣದ ನಷ್ಟದಿಂದ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಗಿ, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಸಾವಿನ ಪ್ರಮಾಣ ಶೇಕಡಾ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗೆ ಇಳಿಯಿತು. ಕರುಳು ಸಕ್ಕರೆಯನ್ನು ಹೀರಿಕೊಳ್ಳುವಾಗ ಲವಣವನ್ನೂ ನೀರನ್ನೂ ಜೊತೆಗೆ ಒಳಗೆಳೆದುಕೊಳ್ಳುತ್ತದೆ ಎಂಬುದೇ ಇದರ ಗುಟ್ಟು. ಅದೇ ಇಂದಿನ ಓ.ಆರ್.ಎಸ್. ಪುಡಿ.

ಪೊಟ್ಟಣದ ಮೇಲೆ ಬರೆದಿರುವಷ್ಟೇ ಶುದ್ಧ ನೀರಿಗೆ ಇಡೀ ಪುಡಿಯನ್ನು ಹಾಕಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು. ಅರ್ಧ ಪುಡಿ, ಒಂದು ಲೋಟ ಎಂಬ ಅಂದಾಜು ಬೇಡ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪುಡಿ ಸಿಗದಿದ್ದರೆ 1 ಲೀಟರ್ ನೀರಿಗೆ ತಲೆಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಚಮಚದಿಂದ ನಿಧಾನವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಿ. ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ಸತುವಿನ ಮಾತ್ರೆಯನ್ನು ವೈದ್ಯರು ಬರೆದಷ್ಟು ದಿನವೂ ಕೊಡಿ.

ಅಂಗಡಿಯ ಸಿಹಿ ಪಾನೀಯಗಳನ್ನು ಓ.ಆರ್.ಎಸ್. ಎಂದು ತಿಳಿದು ಮೋಸಹೋಗಬೇಡಿ. ಅವುಗಳಲ್ಲಿನ ಹೆಚ್ಚು ಸಕ್ಕರೆ ಭೇದಿಯನ್ನು ಜಾಸ್ತಿ ಮಾಡುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಸೆಕೆಯಿದ್ದರೂ ಎದೆಹಾಲಿನ ಜೊತೆಗೆ ಬೇರೆ ನೀರು ಬೇಕಿಲ್ಲ. ಹಾಲನ್ನೇ ಹೆಚ್ಚು ಸಲ ಕುಡಿಸಿ. ತಾಯಿ ಚೆನ್ನಾಗಿ ನೀರು ಕುಡಿಯಲಿ.

ಮಗುವಿನ ಕಣ್ಣು ಒಳಗೆ ಹೋಗಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರು ಗಂಟೆಯಿಂದ ಮೂತ್ರ ಮಾಡಿರದಿದ್ದರೆ, ಮಂಕಾಗಿ ಮಲಗಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಗೆಳೆಯರು ಮತ್ತು ಕೆರೆ

ರಜೆಯ ಗೆಳೆತನ ಬಹುಕಾಲ ಉಳಿಯುತ್ತದೆ. ಊರಿನ ಹುಡುಗರೊಡನೆ ನಗರದ ಮಗು ಆಡಲಿ, ಮರ ಹತ್ತಲಿ. ಆದರೆ ಕೆರೆ, ಬಾವಿ, ಕೃಷಿ ಹೊಂಡಕ್ಕೆ ಈಜು ಬಲ್ಲ ದೊಡ್ಡವರಿಲ್ಲದೆ ಕಳುಹಿಸಬೇಡಿ. ಮುಳುಗುತ್ತಿರುವ ಗೆಳೆಯನನ್ನು ಉಳಿಸಲು ಈಜು ಬಾರದ ಇನ್ನೊಬ್ಬ ಹಾರುವುದರಿಂದಲೇ ಎರಡೆರಡು ಜೀವಗಳು ಹೋಗುತ್ತವೆ. ‘ನೀರಿಗೆ ಇಳಿಯಬೇಡ, ಹಗ್ಗ, ಕೋಲು, ಖಾಲಿ ಕೊಡ ಎಸೆ, ಕೂಗಿ ಜನರನ್ನು ಕರೆ’ ಎಂದು ಮೊದಲ ದಿನವೇ ಹೇಳಿಕೊಡಿ.

ಬಿಸಿಲಿನ ಆಘಾತ

ಬಿಸಿಲಿನಲ್ಲಿದ್ದವರಿಗೆ ಅಥವಾ ಬಿಸಿ ಕೋಣೆಯಲ್ಲಿದ್ದ ವೃದ್ಧರಿಗೆ ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಗೊಂದಲ ಅಥವಾ ಮೂರ್ಛೆ ಕಾಣಿಸಿಕೊಂಡರೆ ಅದು ತುರ್ತು ಪರಿಸ್ಥಿತಿ. ದೇಹದ ಉಷ್ಣತೆ 40 ಡಿಗ್ರಿ ಮೀರಿರಬಹುದು. ಜ್ವರದ ಮಾತ್ರೆಯಿಂದ ಇದು ಇಳಿಯುವುದಿಲ್ಲ. 108ಕ್ಕೆ ಫೋನ್ ಮಾಡಿ. ಕಾಯುವಾಗ ಸುಮ್ಮನಿರಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆಯ ಒದ್ದೆ ಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪಾನಕ, ಮಾವು, ತಾರಸಿಯ ನಿದ್ದೆ

ಆರೋಗ್ಯವಂತರಿಗೆ ಮಜ್ಜಿಗೆ, ಎಳನೀರು, ಬೇಲದ ಹಣ್ಣಿನ ಪಾನಕ, ಪುನರ್ಪುಳಿ ಶರಬತ್ತು ಎಲ್ಲವೂ ಒಳ್ಳೆಯದೇ. ರಕ್ತದೊತ್ತಡವಿರುವವರ ಮಜ್ಜಿಗೆಗೆ ಉಪ್ಪು ಬೇಡ. ಸಕ್ಕರೆ ಕಾಯಿಲೆಯವರ ಪಾನಕಕ್ಕೆ ಬೆಲ್ಲ ಬೇಡ. ಮಾವು ಸಕ್ಕರೆ ಕಾಯಿಲೆಯವರಿಗೆ ಪೂರ್ಣ ನಿಷಿದ್ಧವಲ್ಲ. ಕಾಯಿಲೆ ಹತೋಟಿಯಲ್ಲಿದ್ದರೆ ಒಂದೆರಡು ಹೋಳು ತಿನ್ನಬಹುದು. ಆದರೆ ಸೀಕರಣೆ ಬೇಡ, ಹಣ್ಣು ತಿಂದ ಹೊತ್ತಿನಲ್ಲಿ ಅನ್ನ ಕಡಿಮೆಯಿರಲಿ. ತಾರಸಿಯ ನಿದ್ದೆಗೆ ಸೊಳ್ಳೆಪರದೆ ಇರಲಿ. ಶೇಖರಿಸಿದ ನೀರಿನ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ, ಮುಚ್ಚಿಡಿ. ಡೆಂಗಿ ಸೊಳ್ಳೆ ಬೆಳೆಯುವುದು ಇಂಥ ನೀರಿನಲ್ಲೇ.

ರಜೆ ಮುಗಿದು ಮಕ್ಕಳು ಹೊರಟ ಮೇಲೆ ಮನೆ ಬಿಕೋ ಎನ್ನುತ್ತದೆ. ಬಿಸಿಲು ಮಾತ್ರ ಮಳೆ ಬರುವವರೆಗೂ ಇರುತ್ತದೆ. ಊರು ತಲುಪಿದ ಮೇಲೆ ‘ಅಜ್ಜಿ, ಇವತ್ತು ನೀರು ಕುಡಿದಿರಾ?’ ಎಂದು ಮೊಮ್ಮಕ್ಕಳಿಂದ ದಿನಕ್ಕೊಂದು ಫೋನ್ ಮಾಡಿಸಿ.